ಹಕ್ಕಿಗಳ ಪಾಲಿನ ತಿಟ್ಟು

ಶ್ರೀರಂಗಪಟ್ಟಣದ ಪಕ್ಕದಲ್ಲೇ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳಿವು. ಕಟ್ಟಿದ್ದು ಮನುಷ್ಯ, ನೆಲೆಸಿದ್ದು ಹಕ್ಕಿ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಕಿವಿಗೊಟ್ಟು ಮೈಸೂರು ಸಂಸ್ಥಾನ 1940ರಲ್ಲಿ ಇದನ್ನು ಪಕ್ಷಿಧಾಮವಾಗಿಸಿತು. 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಆಯಿತು.

ಪ್ರವಾಹ ಕೊರೆದ ದಂಡೆಗಳಿಗೆ ಅರಣ್ಯ ಇಲಾಖೆ ಮರಳಿನ ಮೂಟೆ ಪೇರಿಸಿ ತಿಟ್ಟುಗಳನ್ನು ಉಳಿಸಿದೆ. ಸುತ್ತಲಿನ ಖಾಸಗಿ ಜಮೀನನ್ನೂ ಕೊಂಡು ಧಾಮಕ್ಕೆ ಸೇರಿಸಿದೆ. ನೆಲವೆಂದರೆ ನಿವೇಶನ ಎನ್ನುವ ಈ ಕಾಲದಲ್ಲಿ, ಹಣ ಕೊಟ್ಟು ಹಕ್ಕಿಗೆ ಜಾಗ ಬಿಡಿಸಿದ್ದು ನನಗೆ ಬಲು ದೊಡ್ಡ ಕೆಲಸವಾಗಿ ಕಾಣುತ್ತದೆ. ಇದೇ ಜಿಲ್ಲೆಯ ಮೇಲುಕೋಟೆಯ ತೋಳಗಳಿಗೂ ಆದಿಚುಂಚನಗಿರಿಯ ನವಿಲುಗಳಿಗೂ ಇಂಥದ್ದೇ ಕಾವಲು ಬೇಕು.

ರಂಗನತಿಟ್ಟಿಗೆ ಹೋದಾಗ ದೋಣಿಯಲ್ಲಿ ದಯವಿಟ್ಟು ಸದ್ದು ಮಾಡಬೇಡಿ. ಗೂಡುಗಳಲ್ಲಿ ಮರಿಗಳಿರುತ್ತವೆ.