ಹಿರಿಯರ ಮರೆವನ್ನು ಅಳೆಯುವ ಬಗೆ



ಬೇಸಾಯಶಾಸ್ತ್ರದವನಿಗೆ ಮರೆವಿನ ಮಾತೇಕೆ ಎನ್ನಬಹುದು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆಯ ಗದ್ದೆಗಳಲ್ಲಾಗಲಿ, ಕೆ.ಆರ್. ಪೇಟೆ, ನಾಗಮಂಗಲದ ರಾಗಿ ಹೊಲಗಳಲ್ಲಾಗಲಿ, ಗೊಬ್ಬರ, ಔಷಧಿ ಅಳೆಯುವವರು ಅನೇಕ ಮನೆಗಳಲ್ಲಿ ಹಿರಿಯರೇ. ಯೂರಿಯಾ ಹಾಕಿದ್ದನ್ನು ಮರೆತು ಮತ್ತೆ ಹಾಕಿದರೆ ಭತ್ತ ಮಲಗೀತು; ಕೀಟನಾಶಕದ ಅಳತೆ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ವಯಸ್ಸಿನ ಮರೆವು. ತಮ್ಮ ಹೊಲದ ದಾರಿಯನ್ನೇ ತಪ್ಪಿದರೆ, ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಿರಬಾರದು.

ವೈದ್ಯರು ಸುಮಾರು ಹತ್ತು ನಿಮಿಷದಲ್ಲಿ ಮುಗಿಸುವ ಪರೀಕ್ಷೆಗಳಿವೆ. 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದಕ್ಕೆ 30 ಅಂಕ. ಅದರಲ್ಲಿ ವಾಕ್ಯ ಬರೆಯಬೇಕು, 100ರಿಂದ ಏಳೇಳು ಕಳೆಯುತ್ತ ಬರಬೇಕು. ಶಾಲೆ ಕಾಣದವರಿಗೆ ಇದು ಅನ್ಯಾಯವೇ ಸರಿ. ಆದ್ದರಿಂದ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗೆಂದು ರೂಪಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಪರೀಕ್ಷೆಯಲ್ಲಿ 20ರಿಂದ ಮೂರು ಮೂರು ಕಳೆಯಿಸುತ್ತಾರೆ. "ಕಣ್ಣು ಮುಚ್ಚಿ" ಎಂದು ಓದಿಸುವ ಬದಲು ತಾವೇ ಮುಚ್ಚಿ ತೋರಿಸುತ್ತಾರೆ.

ಅಂಕ ಇಳಿದ ಮಾತ್ರಕ್ಕೆ ರೋಗ ಖಚಿತವಲ್ಲ. ಕಿವಿ ಮಂದವಿದ್ದರೂ, ಮನಸ್ಸು ಕುಗ್ಗಿದ್ದರೂ, ಥೈರಾಯ್ಡ್ ಅಥವಾ ಬಿ12 ಕೊರತೆಯಿದ್ದರೂ ಹಾಗಾಗಬಹುದು, ಇವಕ್ಕೆ ಮದ್ದುಂಟು.

ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವಾಗ ಅವರ ಓದೆಷ್ಟು, ಮರೆವು ಎಂದಿನಿಂದ, ನುಂಗುವ ಮಾತ್ರೆ ಯಾವುವು ಎಂದು ಬರೆದುಕೊಂಡು ಹೋಗಿ. ಅಲ್ಲಿಯವರೆಗೆ ಕೀಟನಾಶಕಕ್ಕೆ ಬೀಗವಿರಲಿ.