ಸಭಾಕಂಪ

ಕನ್ನಡದಲ್ಲಿ ‘ಸಭಾಕಂಪ’ ಎಂಬ ಮಾತೊಂದಿದೆ. ನಾಲ್ಕು ಜನರೆದುರು ಎದ್ದು ನಿಂತಾಗ ಕಾಲು ನಡುಗುವುದು, ನಾಲಿಗೆ ಒಣಗುವುದು, ಮನೆಯಲ್ಲಿ ಕಂಠಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಗುವುದು, ಇವಕ್ಕೆಲ್ಲ ಸೇರಿ ಆ ಹೆಸರು. ಅಧ್ಯಾಪಕ ವೃತ್ತಿಯ ಮೊದಲ ವರ್ಷ ನಾನೂ ಅದನ್ನು ಅನುಭವಿಸಿದವನೇ. ಆದರೆ ಇಂದು ನಾನು ಹೇಳಹೊರಟಿರುವುದು ಆ ಸಭಾಕಂಪವನ್ನಲ್ಲ. ನಮ್ಮ ಕರಾವಳಿಯ ಪ್ರಾಟೆಸ್ಟೆಂಟ್ ಕ್ರೈಸ್ತರ ಬಾಯಲ್ಲಿ ‘ಸಭೆ’ ಎಂಬುದಕ್ಕೆ ಇನ್ನೊಂದು ಅರ್ಥವಿದೆ. ಒಂದು ಊರಿನ ವಿಶ್ವಾಸಿಗಳ ಸಮೂಹವೇ ಸಭೆ; ಅದನ್ನು ನೋಡಿಕೊಳ್ಳುವ ಬೋಧಕರು ಸಭಾಪಾಲಕರು; ಅವರಿಗೆ ನೆರವಾಗುವವರು ಸಭಾ ಹಿರಿಯರು. ಈ ಸಭೆಯ ಎದುರಿನಲ್ಲಿ, ದೇವರ ಚಿತ್ತ ಇದು ಎಂದು ಅಂತರಂಗಕ್ಕೆ ಸ್ಪಷ್ಟವಾಗಿ ತೋರಿದ್ದನ್ನು ಆಡುವುದಕ್ಕೂ ಮಾಡುವುದಕ್ಕೂ ಮನುಷ್ಯನಿಗುಂಟಾಗುವ ನಡುಕವಿದೆಯಲ್ಲ, ಅದು ನನ್ನ ಇಂದಿನ ವಿಷಯ. ಇದು ಕ್ರೈಸ್ತರದೊಂದೇ ರೋಗವೆಂದು ಯಾರೂ ಭಾವಿಸಬಾರದು. ದೇವಸ್ಥಾನದ ಆಡಳಿತ ಮಂಡಳಿಯಲ್ಲಿ, ಮಠದ ಹಜಾರದಲ್ಲಿ, ಜಮಾತಿನ ಬೈಠಕ್ಕಿನಲ್ಲಿ, ಅಷ್ಟೇಕೆ, ನಮ್ಮ ಸಾಹಿತ್ಯ ಸಂಘಗಳ ಕಾರ್ಯಕಾರಿ ಸಮಿತಿಯಲ್ಲೂ ಈ ಕಂಪ ಉಂಟು. ನನಗೆ ಗೊತ್ತಿರುವ ಮನೆಯಿಂದ ಮಾತು ತೆಗೆಯುತ್ತೇನೆ, ಅಷ್ಟೆ.

ನಾನು ಹುಟ್ಟಿ ಬೆಳೆದದ್ದು ಎಲ್ಲೂರಿನಲ್ಲಿ. ಉಚ್ಚಿಲದ ಹೆದ್ದಾರಿಯಿಂದ ಮೂಡಣಕ್ಕೆ ತಿರುಗಿದರೆ ಸಿಗುವ ಊರು ಅದು. ಅಲ್ಲಿಯ ವಿಶ್ವೇಶ್ವರನಿಗೆ ಸೀಯಾಳದ ಅಭಿಷೇಕವೆಂದರೆ ಪ್ರೀತಿ ಎಂಬುದು ನಮ್ಮ ಸೀಮೆಯಲ್ಲೆಲ್ಲ ಪ್ರಸಿದ್ಧ. ನೆರೆಮನೆಯವರು ಮಗುವಿಗೆ ಜ್ವರ ಬಂದಾಗ, ಹಸು ಕಟ್ಟು ಬಿಚ್ಚಿಕೊಂಡು ಹೋದಾಗ, ಇಷ್ಟು ಸೀಯಾಳ ಎಂದು ಹರಸಿಕೊಳ್ಳುತ್ತಿದ್ದರು. ಕಷ್ಟ ಕಳೆದ ಮೇಲೆ, ಮನೆಯಲ್ಲಿ ಅಕ್ಕಿಗೆ ತತ್ವಾರವಿದ್ದರೂ ಸೀಯಾಳ ದೇವಸ್ಥಾನಕ್ಕೆ ಹೋಗಿ ತಲಪುತ್ತಿತ್ತು. ನನ್ನ ಅಜ್ಜಿ ಪ್ರತಿ ಆದಿತ್ಯವಾರ ತಪ್ಪದೆ ದೇವಾಲಯಕ್ಕೆ ನಡೆದುಹೋಗುತ್ತಿದ್ದ ಕ್ರೈಸ್ತ ಹೆಂಗಸು. ಆಕೆ ಜಗಲಿಯಲ್ಲಿ ಕುಳಿತು, ಆ ಸೀಯಾಳದ ಗೊನೆಗಳು ಹೋಗುವುದನ್ನು ನೋಡುತ್ತ, ತುಳುವಿನಲ್ಲಿ ಹೇಳುತ್ತಿದ್ದ ಮಾತು ಇದು: “ಅವರು ಹೇಳಿದ ದೇವರಿಗೆ ಹೇಳಿದ ದಿನ ಕೊಡುತ್ತಾರೆ. ನಾವು ಪದ ಹಾಡುವಾಗ ಎಲ್ಲವನ್ನೂ ಕೊಡುತ್ತೇವೆ ಎನ್ನುತ್ತೇವೆ. ಮನೆಗೆ ಬಂದ ಮೇಲೆ ನಾಳೆ ನೋಡುವ ಎನ್ನುತ್ತೇವೆ.” ಹಿಂಜರಿಕೆಯ ಮೇಲೆ ನಾನು ಕೇಳಿದ ಮೊದಲ ಪ್ರಸಂಗ ಅದು.

ಬೈಬಲನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಅಲ್ಲಿ ದೇವರು ಕರೆದವರಲ್ಲಿ ಹಿಂದೆ ಸರಿದವರ ಸಾಲೇ ದೊಡ್ಡದು. ಮೋಶೆ ಉರಿಯುವ ಪೊದೆಯ ಮುಂದೆ ನಿಂತು ಒಂದರ ಮೇಲೊಂದು ನೆವ ಹೇಳುತ್ತಾನೆ: ತಾನು ಎಷ್ಟರವನು ಎನ್ನುತ್ತಾನೆ, ಜನ ನಂಬಲಾರರು ಎನ್ನುತ್ತಾನೆ, ತನ್ನ ನಾಲಿಗೆ ಮಂದ ಎನ್ನುತ್ತಾನೆ, ಕೊನೆಗೆ ಬೇರೆ ಯಾರನ್ನಾದರೂ ಕಳುಹಿಸು ಎಂದು ಬೇಡಿಕೊಳ್ಳುತ್ತಾನೆ. ಯೆರೆಮೀಯನ ನೆವ ತನ್ನ ಎಳೆಯ ಪ್ರಾಯ. ಗಿದ್ಯೋನನಂತೂ ಶತ್ರುಗಳ ಕಣ್ಣಿಗೆ ಬೀಳಬಾರದೆಂದು ದ್ರಾಕ್ಷೆಯ ಆಲೆಯೊಳಗೆ ಅಡಗಿ ಗೋಧಿ ಬಡಿಯುತ್ತಿದ್ದವನು. ಇವರ ಅಂಜಿಕೆಯನ್ನು ಆ ಗ್ರಂಥ ಮರೆಮಾಡುವುದಿಲ್ಲ, ಹಳಿಯುವುದೂ ಇಲ್ಲ. ಮೋಶೆಯ ನಾಲಿಗೆ ಮಂದವಾದರೆ ಜೊತೆಗೆ ಅಣ್ಣ ಆರೋನನನ್ನು ಕೊಡಲಾಗುತ್ತದೆ. ಭಯವನ್ನು ಬೈದು ಓಡಿಸುವ ಬದಲು ಭಯಪಟ್ಟವನಿಗೊಬ್ಬ ಸಂಗಾತಿಯನ್ನು ಒದಗಿಸಿದ ಈ ವಿವೇಕ ನನಗೆ ಬಹಳ ಹಿಡಿಸಿದೆ.

ಆದರೆ ಹಿಂಜರಿದವರಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದವನು ಯೋನ. ನಿನೆವೆಗೆ ಹೋಗೆಂದರೆ ಅವನು ಯೊಪ್ಪದಲ್ಲಿ ಹಡಗು ಹತ್ತಿ ತಾರ್ಷೀಷಿನ ಕಡೆಗೆ ಓಡಿದ. ದೊಡ್ಡ ಪಟ್ಟಣಕ್ಕೆ ಹೆದರಿ ಓಡಿದನೆಂದು ಬಾಲ್ಯದಲ್ಲಿ ನಾವೆಲ್ಲ ತಿಳಿದುಕೊಂಡಿದ್ದೆವು. ಕತೆಯ ಕೊನೆಯಲ್ಲಿ ನಿಜವಾದ ಕಾರಣ ಅವನ ಬಾಯಿಂದಲೇ ಹೊರಬೀಳುತ್ತದೆ. ದೇವರು ಕರುಣಾಳು, ಆ ಜನರನ್ನು ಕ್ಷಮಿಸಿಬಿಡುತ್ತಾನೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಅದು ಅವನಿಗೆ ಬೇಡವಾಗಿತ್ತು. ನಾವು ‘ಭಯ’ ಎಂದು ಕರೆದುಕೊಳ್ಳುವುದರೊಳಗೆ ಕೆಲವೊಮ್ಮೆ ಇಂಥದೊಂದು ಕಲ್ಲು ಅಡಗಿರುತ್ತದೆ. ಇನ್ನೊಬ್ಬರಿಗೆ ದಯೆ ದೊರಕಿಬಿಟ್ಟೀತಲ್ಲ ಎಂಬ ಅಸಮಾಧಾನ ಅದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು 30 ವರ್ಷಗಳ ಹಿಂದೆ, ನೌಕರಿಯ ನಿಮಿತ್ತ ನಾನಿದ್ದ ಒಂದು ಊರಿನ ಸಭೆಯಲ್ಲಿ ಹಿರಿಯರ ಮಂಡಳಿಗೆ ನಾನು ಕಾರ್ಯದರ್ಶಿಯಾಗಿದ್ದೆ. ಕನ್ನಡ ಎಂ.ಎ. ಮಾಡಿದವನು, ನಡವಳಿ ಚೆನ್ನಾಗಿ ಬರೆಯುತ್ತಾನೆ ಎಂಬುದೇ ನನ್ನ ಅರ್ಹತೆ. ಆ ಸಭೆಯ ಒಬ್ಬ ವಿಧವೆಯ ಮಗಳು ಬೇರೆ ಧರ್ಮದ ಹುಡುಗನನ್ನು ಮದುವೆಯಾದಳು. ತಾಯಿ ಮಗಳನ್ನು ಬಿಟ್ಟುಕೊಡಲಿಲ್ಲ. ಮದುವೆಗೆ ಹೋಗಿ ಹರಸಿ ಬಂದಳು. ತಾಯಿಯನ್ನು ಕರ್ತನ ಭೋಜನದಿಂದ ದೂರವಿಡಬೇಕು, ಹೆಸರನ್ನು ಪಟ್ಟಿಯಿಂದ ತೆಗೆಯಬೇಕು ಎಂಬ ಸೂಚನೆ ಮಂಡಳಿಯ ಮುಂದೆ ಬಂತು. ಇದು ತಪ್ಪು ಎಂದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. “ಯಾರಿಗಾದರೂ ಬೇರೆ ಅಭಿಪ್ರಾಯವುಂಟೋ?” ಎಂದು ಅಧ್ಯಕ್ಷತೆ ವಹಿಸಿದ್ದವರು ಕೇಳಿದರು. ನಾನು ತಲೆಯೆತ್ತಲಿಲ್ಲ. ಆಗ ನನ್ನ ತಂಗಿಯ ಮದುವೆಯ ಮಾತುಕತೆ ಅಲ್ಲಿ ಕುಳಿತಿದ್ದ ಹಿರಿಯರೊಬ್ಬರ ಬಂಧುವರ್ಗದಲ್ಲಿ ನಡೆದಿತ್ತು. ನನ್ನ ಲೇಖನಿ ಮಾತ್ರ ತನ್ನ ಕೆಲಸ ಮಾಡಿತು. ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಒಳ್ಳೆಯ ಅಕ್ಷರದಲ್ಲಿ, ವ್ಯಾಕರಣದೋಷವಿಲ್ಲದೆ ಬರೆದೆ. ಸರ್ವ, ಅನುಮತ: ಎರಡೂ ಪದಗಳ ಅರ್ಥ ಬಲ್ಲವನು ನಾನು. ಆ ‘ಸರ್ವ’ದಲ್ಲಿ ನನ್ನ ಮನಸ್ಸು ಸೇರಿರಲಿಲ್ಲವೆಂಬುದು ನನಗೂ ದೇವರಿಗೂ ಮಾತ್ರ ತಿಳಿದಿತ್ತು.

ಯೇಸು ಹೇಳಿದ ಸಾಮ್ಯವೊಂದರಲ್ಲಿ ಯಜಮಾನ ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳೊಬ್ಬನಿದ್ದಾನೆ. ಅವನು ಕದಿಯಲಿಲ್ಲ, ದುಂದು ಮಾಡಲಿಲ್ಲ. ಕೊಟ್ಟದ್ದನ್ನು ಕೊಟ್ಟಹಾಗೆಯೇ ಹಿಂದಿರುಗಿಸಿದ. ಹೆದರಿ ಹಾಗೆ ಮಾಡಿದೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಆದರೂ ಆ ಕತೆಯಲ್ಲಿ ಅವನಿಗೆ ಮಾಫಿಯಿಲ್ಲ. ಕೆಡುಕು ಮಾಡದಿರುವುದೇ ಸಾಕೆಂದು ನೆಮ್ಮದಿಯಾಗಿರುವ ನಮ್ಮಂಥ ಓದಿದವರಿಗೆ ಇದಕ್ಕಿಂತ ಕಠಿಣವಾದ ಕತೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಇನ್ನು, ದೇವರ ಚಿತ್ತ ಎಂಬುದನ್ನು ತಿಳಿಯುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ತನ್ನ ಹಟವನ್ನೇ ದೇವರ ಚಿತ್ತವೆಂದು ಸಾರಿ ಸಭೆಗಳನ್ನು ಒಡೆದವರು ಎಲ್ಲ ಕಾಲದಲ್ಲೂ ಇದ್ದಾರೆ. ಹೆದರದವನೆಲ್ಲ ದೇವರ ಮನುಷ್ಯನಲ್ಲ. ಇಲ್ಲಿ ನನಗೆ ನೆನಪಾಗುವವರು ಸಂತ ಜೋಸೆಫ್ ವಾಜರು. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಆ ಪಾದ್ರಿಗೆ ಸಿಂಹಳಕ್ಕೆ ಹೋಗಬೇಕೆಂಬ ಹಂಬಲವಿತ್ತು. ಅಲ್ಲಿ ಡಚ್ಚರ ಆಳ್ವಿಕೆಯಲ್ಲಿ ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರವೇಶವಿರಲಿಲ್ಲ. ವಿಶ್ವಾಸಿಗಳು ಗುರುಗಳಿಲ್ಲದೆ ಕಂಗಾಲಾಗಿದ್ದರು. ಆದರೆ ಮೇಲಿನವರು 1681ರಲ್ಲಿ ಅವರನ್ನು ಕಳುಹಿಸಿದ್ದು ನಮ್ಮ ಕೆನರಾ ಸೀಮೆಗೆ. ಇಲ್ಲಿಯಾದರೋ ಪೋರ್ಚುಗೀಸ್ ವ್ಯವಸ್ಥೆಗೆ ಸೇರಿದ ಪಾದ್ರಿಗಳಿಗೂ ರೋಮಿನಿಂದ ನೇರವಾಗಿ ನೇಮಕವಾಗಿದ್ದ ಬಿಷಪ್ ತೋಮಸ್ ದ ಕಾಸ್ತ್ರೊ ಅವರ ಕಡೆಯವರಿಗೂ ಅಧಿಕಾರದ ಜಗಳ. ತಾನು ಬಯಸದ ಊರು, ತಾನು ಹುಟ್ಟಿಸದ ಜಗಳ. ವಾಜರು ಗೊಣಗಲಿಲ್ಲ. ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿಗಳಲ್ಲಿ ತಿರುಗಿ, ಚದುರಿದ ಜನರನ್ನು ಕೂಡಿಸುತ್ತ, ಮನಸ್ತಾಪವನ್ನು ತಣಿಸುತ್ತ 1684ರವರೆಗೆ ದುಡಿದರು. ಸಿಂಹಳದ ಬಾಗಿಲು ಅವರಿಗೆ ತೆರೆದದ್ದು 1687ರಲ್ಲಿ. ಆಗಲೂ ಅವರು ಹೋದದ್ದು ಆಳಿನ ವೇಷದಲ್ಲಿ. ಕ್ಯಾಂಡಿಯಲ್ಲಿ ಗೂಢಚಾರನೆಂಬ ಆರೋಪದ ಮೇಲೆ ಸೆರೆಮನೆ ಕಂಡರು. 1697ರಲ್ಲಿ ಆ ಪಟ್ಟಣಕ್ಕೆ ಸಿಡುಬು ಬಡಿದಾಗ, ಬಂಧುಗಳೇ ಬಿಟ್ಟುಹೋದ ರೋಗಿಗಳನ್ನು ಜಾತಿಮತ ನೋಡದೆ ಉಪಚರಿಸಿದರು. 1711ರಲ್ಲಿ ಅಲ್ಲಿಯೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಈ ಜೀವನದಲ್ಲಿ ನನಗೆ ಮೆಚ್ಚಿಕೆಯಾದ ಭಾಗ ಸಿಂಹಳದ ಸಾಹಸಕ್ಕಿಂತಲೂ ಕೆನರಾದ ಆ ಮೂರು ವರ್ಷಗಳು. ಧೈರ್ಯವಂತನಿಗೆ ಸಾವಿನ ಎದುರು ಹೋಗುವುದು ಅಷ್ಟು ಕಷ್ಟವಲ್ಲ. ತಾನು ಆರಿಸಿಕೊಳ್ಳದ ಕೆಲಸಕ್ಕೆ ತಲೆಬಾಗುವುದು ಕಷ್ಟ. ಅಲ್ಲಿಂದ ನಾನು ತೆಗೆದುಕೊಂಡ ಒರೆಗಲ್ಲು ಇಷ್ಟು: ದೇವರ ಚಿತ್ತವೆಂದು ತೋರಿದ್ದು ನನ್ನ ಪ್ರತಿಷ್ಠೆಯನ್ನು ಹೆಚ್ಚಿಸುವಂತಿದ್ದರೆ ಇನ್ನೊಮ್ಮೆ ಯೋಚಿಸಬೇಕು. ಅದು ನನ್ನಿಂದ ಏನನ್ನಾದರೂ ಕಿತ್ತುಕೊಂಡು ದಿಕ್ಕಿಲ್ಲದವರಿಗೆ ಕೊಡುವಂತಿದ್ದರೆ, ಬಹುಮಟ್ಟಿಗೆ ನಂಬಬಹುದು.

ಕನ್ನಡದ ಓದುಗರಿಗೆ ಇನ್ನೂ ಹತ್ತಿರದ ನಿದರ್ಶನ ಉತ್ತಂಗಿ ಚನ್ನಪ್ಪನವರದು. 1881ರಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ ದೈವಜ್ಞಾನ ಶಾಲೆಯಲ್ಲಿ ಓದಿ, ಸಭಾಪಾಲಕರಾಗಿ ಬಾಳಿದವರು ಅವರು. ಉತ್ತರ ಕರ್ನಾಟಕದ ಹಳ್ಳಿಹಳ್ಳಿ ಅಲೆದು, ಜನರ ನಾಲಿಗೆಯ ಮೇಲೂ ಓಲೆಗರಿಗಳಲ್ಲೂ ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಕ್ರೈಸ್ತ ಬೋಧಕನಿಗೆ ಸರ್ವಜ್ಞನೇಕೆ, ಬಸವಣ್ಣನೇಕೆ ಎಂದು ಕೇಳುವವರು ಅಂದು ಇದ್ದೇ ಇದ್ದರು, ಇಂದೂ ಇದ್ದಾರೆ. ಎರಡು ಕಡೆಯವರಿಗೂ ಅನುಮಾನ ಹುಟ್ಟಿಸುವ ದಾರಿ ಅದು. ಅವರು ತಮ್ಮ ಸಭೆಯನ್ನು ಬಿಡಲಿಲ್ಲ, ಸರ್ವಜ್ಞನನ್ನೂ ಬಿಡಲಿಲ್ಲ. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ತಿರುಕನಿಗೆ ಕಳೆದುಕೊಳ್ಳುವುದಕ್ಕೆ ಏನಿದೆ? ಆ ಹೆಸರಿನಲ್ಲೇ ಅವರ ನಿರ್ಭಯದ ಗುಟ್ಟಿದೆಯೆಂದು ನನಗೆ ಅನ್ನಿಸುತ್ತದೆ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಈ ಸಭಾಪಾಲಕರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು.

ನನ್ನ ಕತೆ ಹೀಗೆ ಹೆಮ್ಮೆಯಿಂದ ಹೇಳುವಂಥದಲ್ಲ. ಆದರೂ ಅರ್ಧಕ್ಕೆ ಬಿಟ್ಟರೆ ಅಪ್ರಾಮಾಣಿಕವಾದೀತು. ಏಳು ವರ್ಷ ಆ ‘ಸರ್ವಾನುಮತ’ ನನ್ನ ಬೆನ್ನು ಬಿಡಲಿಲ್ಲ. ತಂಗಿಯ ಮದುವೆ ಬೇರೆ ಕಡೆಯೇ ಆಯಿತು. ಯಾವುದಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದೆನೋ ಅದೂ ನಡೆಯಲಿಲ್ಲ. ಒಂದು ಸಂಜೆ ಹಿರಿಯ ಗೆಳೆಯರೊಬ್ಬರಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಅವರು ಉಪದೇಶ ಮಾಡಲಿಲ್ಲ. “ನಡೆಯಿರಿ, ನಾನೂ ಬರುತ್ತೇನೆ” ಎಂದರು. ಮೋಶೆಗೆ ಆರೋನ ಸಿಕ್ಕಿದ್ದು ಹೀಗೆಯೇ ಇರಬೇಕು.

ನಾವಿಬ್ಬರೂ ಆ ಹೆಂಗಸಿನ ಮನೆಗೆ ಹೋದೆವು. ಆಕೆ ಬೀಡಿ ಕಟ್ಟುತ್ತಿದ್ದವಳು ಮೊರವನ್ನು ಪಕ್ಕಕ್ಕಿಟ್ಟು ಚಾಪೆ ಹಾಸಿದಳು. “ಅಕ್ಕಾ, ಆ ದಿನ ನಾನು ಮಾತಾಡಬೇಕಿತ್ತು, ಮಾತಾಡಲಿಲ್ಲ” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನನಗೆ ಗೊತ್ತುಂಟು ಮಾಸ್ತರೇ. ಮರುವಾರ ದಾರಿಯಲ್ಲಿ ಸಿಕ್ಕಿದಾಗ ನೀವು ನನ್ನ ಮುಖ ನೋಡಲಿಲ್ಲ. ಆಗಲೇ ಗೊತ್ತಾಯಿತು, ಇವರಿಗೆ ಒಪ್ಪಿಗೆಯಿರಲಿಲ್ಲವೆಂದು.” ಅನಂತರ, “ಆವಾಗಲೇ ಒಂದು ಮಾತು ಆಡಿದ್ದರೆ ಮಗಳು ಇಲ್ಲೇ ಇರುತ್ತಿದ್ದಳೋ ಏನೋ. ತನ್ನಿಂದ ತಾಯಿಗೆ ಹೀಗಾಯಿತು ಎಂದು ಅವಳು ಮುಂಬಯಿಗೆ ಹೋದವಳು ಮತ್ತೆ ಬರಲಿಲ್ಲ” ಎಂದಳು. ಚಾ ಮಾಡಿ ಕೊಟ್ಟಳು. ಕುಡಿದೆವು. ಅದಕ್ಕಿಂತ ಭಾರವಾದ ಚಾ ನಾನು ಕುಡಿದಿಲ್ಲ.

ಮುಂದಿನ ಮಂಡಳಿಯಲ್ಲಿ ನಾನು ಎದ್ದು ನಿಂತೆ. ಕಾಲು ನಡುಗಿತು, ನಡುಗುತ್ತಲೇ ಮಾತಾಡಿದೆ. ಹಳೆಯ ನಡವಳಿಯಲ್ಲಿ ‘ಸರ್ವಾನುಮತ’ ಎಂದು ಬರೆದದ್ದು ಸತ್ಯವಲ್ಲ, ಬರೆದವನೇ ಒಪ್ಪಿರಲಿಲ್ಲ, ಅದನ್ನು ಇಂದು ದಾಖಲಿಸಬೇಕು ಎಂದು ಕೇಳಿಕೊಂಡೆ. ಇಬ್ಬರು ಎದ್ದುಹೋದರು. ಒಬ್ಬರು, “ನನಗೂ ಅಂದು ಮನಸ್ಸಿರಲಿಲ್ಲ” ಎಂದರು. ಮತ್ತೊಬ್ಬರೂ ಅದನ್ನೇ ಅಂದರು. ಏಳು ಜನರ ಆ ಸರ್ವಾನುಮತದಲ್ಲಿ ಕನಿಷ್ಠ ಮೂವರ ಮತ ಇರಲಿಲ್ಲವೆಂದು ಅಂದು ಗೊತ್ತಾಯಿತು. ಪ್ರತಿಯೊಬ್ಬನೂ ಇನ್ನುಳಿದವರಿಗೆ ಹೆದರಿ ಕುಳಿತಿದ್ದ. ಆ ವರ್ಷ ಕ್ರಿಸ್ತಜಯಂತಿಯ ಆರಾಧನೆಯಲ್ಲಿ ಆಕೆ ಮತ್ತೆ ಕರ್ತನ ಭೋಜನಕ್ಕೆ ಬಂದಳು. ಮಗಳು ಬರಲಿಲ್ಲ.

ಆದುದರಿಂದ, ಭಯ ಪೂರ್ತಿ ಹೋದ ಮೇಲೆ ದೇವರ ಕೆಲಸ ಮಾಡೋಣವೆಂದು ಕಾಯುವವರಿಗೆ ನನ್ನ ವಿನಂತಿ ಒಂದೇ. ಭಯ ಹೋಗುವುದಿಲ್ಲ, ನನಗೆ ಇಂದಿಗೂ ಹೋಗಿಲ್ಲ. ನಡುಗುವ ಕಾಲಿನಲ್ಲಿಯೂ ನಾಲ್ಕು ಹೆಜ್ಜೆ ಇಡಲು ಸಾಧ್ಯ, ಜೊತೆಗೊಬ್ಬರಿದ್ದರೆ ಇನ್ನೂ ಸುಲಭ. ನಿಮ್ಮ ಬಳಿ ಯಾರಾದರೂ ಬಂದು ಇಂಥ ಅಳುಕನ್ನು ತೋಡಿಕೊಂಡರೆ ಬುದ್ಧಿ ಹೇಳಬೇಡಿ, ಜೊತೆಗೆ ಹೊರಡಿ. ತಡವಾಗಿ ಸಲ್ಲಿಸಿದ ಹರಕೆಯನ್ನೂ ದೇವರು ಸ್ವೀಕರಿಸುತ್ತಾನೆಂದು ನಾನು ನಂಬಿದ್ದೇನೆ. ಆದರೆ ತಡವಾದುದರ ಬೆಲೆಯನ್ನು ಬೇರೆ ಯಾರೋ ತೆತ್ತಿರುತ್ತಾರೆ. ನನ್ನ ಅಜ್ಜಿ ಎಲ್ಲೂರಿನ ಜಗಲಿಯಲ್ಲಿ ಕುಳಿತು ಹೇಳುತ್ತಿದ್ದುದೂ ಇದನ್ನೇ ಇರಬೇಕು.