69ಕ್ಕೂ 70ಕ್ಕೂ ನಡುವೆ

ಮಧುಗಿರಿ ತಾಲ್ಲೂಕಿನ ಪುರವರದಂಥ ಊರಿನಲ್ಲೂ ಮಗುವಿನ ಪ್ರಗತಿಪತ್ರ ತೆರೆದರೆ ಕಣ್ಣು ಮೊದಲು ಹುಡುಕುವುದು ಗ್ರೇಡನ್ನೇ. ನಮ್ಮ ಕರ್ನಾಟಕದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ಶೇಕಡಾ 90 ಮುಟ್ಟಿದರೆ ಎ ಪ್ಲಸ್, 70ರಿಂದ 89ಕ್ಕೆ ಎ, 50ರಿಂದ 69ಕ್ಕೆ ಬಿ ಪ್ಲಸ್. ಒಂದೇ ಪರೀಕ್ಷೆಯ ಭಯ ತಪ್ಪಲಿ ಎಂಬ ಆಶಯ ಒಳ್ಳೆಯದೇ. ಆದರೆ 70 ಪಡೆದವಳಿಗೂ 89 ಪಡೆದವಳಿಗೂ ಒಂದೇ ಗ್ರೇಡು. 69 ಪಡೆದವಳು ಮಾತ್ರ ಕೆಳಗೆ. ಇದೆಂಥ ಲೆಕ್ಕವೋ!

ಗ್ರೇಡಿನ ಹಿಂದಿನ ಕೆಲಸವೂ ಕಡಿಮೆಯಲ್ಲ: ವರ್ಷಕ್ಕೆ ಪಾಠದ ನಡುವೆ ನಡೆಯುವ ನಾಲ್ಕು ರೂಪಣಾತ್ಮಕ, ಅವಧಿಯ ಕೊನೆಗೆ ನಡೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನ. ಎಲ್ಲಕ್ಕೂ ಮಾನದಂಡ, ದಾಖಲೆ. ಇಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಇದನ್ನೆಲ್ಲ ತುಂಬುತ್ತ ಕುಳಿತರೆ ಪಾಠ ಯಾವಾಗ? ಮಾನದಂಡದ ತೊಂದರೆ ಇನ್ನೊಂದಿದೆ: ಕಡಲೆಕಾಯಿ ಬೆಳೆಯ ಬಗ್ಗೆ ಬರೆ ಎಂದರೆ, ಅಪ್ಪನ ಹೊಲದಲ್ಲಿ ಕಂಡದ್ದನ್ನು ತನ್ನದೇ ಮಾತಿನಲ್ಲಿ ಬರೆದ ಹುಡುಗ, ಮಾದರಿ ಉತ್ತರದ ಅಂಶಗಳಿಲ್ಲವೆಂದು ಅಂಕ ಕಳೆದುಕೊಳ್ಳಬಹುದು. ಅವನು ಬರೆದದ್ದು ತಪ್ಪೇನಲ್ಲ, ಪಟ್ಟಿಯಲ್ಲಿಲ್ಲ ಅಷ್ಟೆ.

ಮಾನದಂಡವೇ ಬೇಡ ಎನ್ನಲಾರೆ. ಅದಿಲ್ಲದಿದ್ದರೆ ಮುಖ ನೋಡಿ ಮಣೆ ಹಾಕುವುದು ಶುರುವಾಗುತ್ತದೆ. ಆದರೆ ಪಟ್ಟಿಯಾಚೆ ನೋಡುವ ಸ್ವಾತಂತ್ರ್ಯ ಮೇಷ್ಟ್ರಿಗಿರಬೇಕು. ಪೋಷಕರೇ, ಪ್ರಗತಿಪತ್ರಕ್ಕೆ ಸಹಿ ಹಾಕುವ ಮುನ್ನ ಶಾಲೆಗೆ ಹೋಗಿ ಕೇಳಿ: ನಮ್ಮ ಮಗುವಿಗೆ ಏನು ಬರುತ್ತದೆ, ಏನು ಇನ್ನೂ ಬರಬೇಕು?